ನಿಬ್ಬಿಗೆ ಬರೆ

ಫೌಂಟನ್ ಪೆನ್ನಿನ ಹುಚ್ಚು ಹತ್ತಿದವರಿಗೆ ಬರೆಯುವುದಕ್ಕಿಂತ ಪೆನ್ನು ಬಿಚ್ಚಿ ಜೋಡಿಸುವುದರಲ್ಲೇ ಖುಷಿ ಜಾಸ್ತಿ. ನನ್ನದು ಇನ್ನೂ ಒಂದು ಕೈ ಮೇಲೆ. ಬೆಳ್ಳಗಿರುವ ಸ್ಟೀಲ್ ನಿಬ್ಬನ್ನು ಬೆಂಕಿಗೆ ಹಿಡಿದು ನೀಲಿ ಮಾಡಬೇಕು ಅಂತ.

ಇದೇನು ಮಾಟ ಅಲ್ಲ. ಮಾಮೂಲಿ ಉಕ್ಕು 220–230 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಂದು, ನೇರಳೆ, 300ರ ಆಸುಪಾಸಿಗೆ ನೀಲಿ, ಅದನ್ನೂ ದಾಟಿದರೆ ಬೂದು. ಸ್ಟೇನ್‌ಲೆಸ್ ಸ್ಟೀಲಿಗೆ ಇನ್ನೂ ಜಾಸ್ತಿ ಕಾವು ಬೇಕು. ಬಣ್ಣ ಬಳಿದದ್ದಲ್ಲ. ಮೇಲೆ ಕೂರುವ ಆಕ್ಸೈಡಿನ ತೆಳು ಪದರದಲ್ಲಿ ಬೆಳಕು ಆಡುವ ಆಟ. ಮಳೆಗಾಲದಲ್ಲಿ ನಮ್ಮ ಶಿವಮೊಗ್ಗದ ದುರ್ಗಿಗುಡಿಯ ರಸ್ತೆ ನೀರಿನ ಮೇಲೆ ಬೈಕಿನ ಆಯಿಲ್ ಬಣ್ಣಬಣ್ಣ ಆಗುತ್ತದಲ್ಲ, ಹಾಗೆ.

ನಿಬ್ಬನ್ನು ಎಳೆದು ತೆಗೆದೆ. ಕೆಳಗಿನ, ನಿಬ್ಬಿಗೆ ಶಾಯಿ ಹರಿಸುವ ಪ್ಲಾಸ್ಟಿಕ್ ನಾಲಿಗೆಯನ್ನು ದೂರ ಇಟ್ಟೆ, ಅದು ಕರಗಿದರೆ ಕಥೆ ಮುಗೀತು. ಬೆರಳಿನ ಜಿಡ್ಡು ಉಳಿದರೆ ಕಲೆ ಬೀಳುತ್ತದೆ ಅಂತ ಪಾತ್ರೆ ಸೋಪಿನಲ್ಲಿ ತೊಳೆದೆ. ಮೊದಲು ಮೇಣದಬತ್ತಿ. ಬಣ್ಣ ಬರಲಿಲ್ಲ, ಬರೀ ಮಸಿ. ಆಮೇಲೆ ಗ್ಯಾಸ್ ಒಲೆ, ಹಾಲಿನ ಪಾತ್ರೆ ಇಳಿಸಿ. ನಿಬ್ಬಿನ ತುದಿಯಲ್ಲಿ ಗಟ್ಟಿ ಲೋಹದ ಪುಟ್ಟ ಗುಂಡು ಬೆಸೆದಿರುತ್ತಾರೆ, ಅದಕ್ಕೆ ಉರಿ ತಾಗಬಾರದು, ಹಾಗಾಗಿ ಇಕ್ಕಳದಲ್ಲಿ ಓರೆಯಾಗಿ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದೆ.

"ಬರೆಯೋ ಪೆನ್ನಿಗೇ ಬರೆ ಹಾಕ್ತಿದೀಯಲ್ಲೋ!" ಅಂದರು ಅಮ್ಮ.

ಹುಲ್ಲಿನ ಬಣ್ಣ ಬಂತು. ನೇರಳೆ ಬಂತು. ಇನ್ನೇನು ನೀಲಿ ಅನ್ನುವಾಗ ಕರೆಂಟ್ ಹೋಯಿತು. ಜುಲೈ ತಿಂಗಳ ಶಿವಮೊಗ್ಗ, ಹೋಗದಿದ್ದರೇ ಆಶ್ಚರ್ಯ. ಕತ್ತಲಲ್ಲಿ ಗ್ಯಾಸಿನ ಉರಿಯೊಂದೇ ಬೆಳಕು, ಆ ಬೆಳಕಿಗೆ ನಿಬ್ಬೂ ನೀಲಿ, ಇಕ್ಕಳವೂ ನೀಲಿ, ಬೈಯುತ್ತಿದ್ದ ಅಮ್ಮನೂ ನೀಲಿ. ಕರೆಂಟ್ ಬಂದಾಗ ನೋಡಿದರೆ ನಿಬ್ಬು ಬೂದಿ ಬಣ್ಣ.

ತೀರ್ಥಹಳ್ಳಿಯಿಂದ ಬಂದಿದ್ದ ಮಾವ ಅದನ್ನು ಅಡಿಕೆ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟೆಲ್ಲ ಯಾಕೆ ಅಳಿಯಂದ್ರೇ, ಚೊಗರಿಗೆ ಅದ್ದಿ ಒಣಗಿಸಿ, ಒಳ್ಳೇ ಬಣ್ಣ ಕೂರುತ್ತೆ." ನಗುವ ಹಾಗೂ ಇಲ್ಲ. ಅಡಿಕೆ ಬೇಯಿಸಿದ ಚೊಗರಿನ ತುಂಬಾ ಟ್ಯಾನಿನ್, ಹಳೇ ಕಾಲದ ಕಪ್ಪು ಶಾಯಿ ಆಗುತ್ತಿದ್ದುದೂ ಟ್ಯಾನಿನ್ನಿಗೆ ಕಬ್ಬಿಣದ ಲವಣ ಸೇರಿಸಿಯೇ. ಆದರೆ ನನಗೆ ಬೇಕಿದ್ದದ್ದು ನೀಲಿ.

ಪಾಲಿಶ್ ಹಾಕಿ ಬೂದು ಉಜ್ಜಿ ತೆಗೆದು, ಈ ಸಲ ಹಗಲು ಹೊತ್ತಲ್ಲೇ ಕಾಯಿಸಿದೆ. ಬಂತು ನೋಡಿ! ಭುಜದವರೆಗೆ ನೀಲಿ, ಅಂಚಿಗೆ ನೇರಳೆ. "ಕ್ಯಾಪ್ ಹಾಕಿದ್ರೆ ಯಾರಿಗ್ರೀ ಕಾಣುತ್ತೆ?" ಅಂದಳು ಹೆಂಡತಿ.

ಕಾಣಲಿ ಅಂತಲೇ ಮಾರನೇ ದಿನ ಬ್ಯಾಂಕಿಗೆ ಹೋದೆ. ಕೌಂಟರಿನವರು ನೋಡಿದ ತಕ್ಷಣ, "ನಿಬ್ಬು ತುಕ್ಕು ಹಿಡಿದಿದೆ ಸಾರ್, ಇದರಲ್ಲಿ ಸಹಿ ಮಾಡಿ" ಅಂತ ದಾರ ಕಟ್ಟಿದ ಬಾಲ್‌ಪೆನ್ ತಳ್ಳಿದರು. ಅದು ಬರೆಯಲಿಲ್ಲ. ಅವರ ಜೇಬಿನದೂ ಬರೆಯಲಿಲ್ಲ. "ಹೋಗ್ಲಿ, ನಿಮ್ದೇ ಕೊಡಿ" ಅಂತ ನನ್ನ ಪೆನ್ನು ಇಸಿದುಕೊಂಡು, ಮೂರು ಪ್ರತಿಗೂ ಅಚ್ಚು ಬೀಳಬೇಕಲ್ಲ, ಕಾರ್ಬನ್ ಇಟ್ಟು ಒತ್ತಿ ಬರೆದರು.

ವಾಪಸ್ ಕೊಟ್ಟಾಗ ನಿಬ್ಬಿನ ಒಂದು ಕವಲು ಸಾಗರದ ಕಡೆಗೆ, ಇನ್ನೊಂದು ಭದ್ರಾವತಿ ಕಡೆಗೆ. ಬಣ್ಣ ಮಾತ್ರ ಚೂರೂ ಹೋಗಿರಲಿಲ್ಲ.