‘ನಟನೆ’ ಎಂದು ಷರಾ ಬರೆಯುವ ಮುನ್ನ

ಶ್ರವಣ ಪರೀಕ್ಷೆಯ ವರದಿಯಲ್ಲಿ ‘ಕಿವುಡುತನ ನಟಿಸುತ್ತಿದ್ದಾರೆ’ ಎಂಬ ಷರಾ ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಾನೂ ಶ್ರವಣ ತಜ್ಞೆ. ಪರಿಹಾರದ ಹಣಕ್ಕೋ ಕೆಲಸ ತಪ್ಪಿಸಿಕೊಳ್ಳಲೋ ಕೇಳಿಸುವುದಿಲ್ಲ ಎನ್ನುವವರು ಬಂದೇ ಬರುತ್ತಾರೆ, ಅವರನ್ನು ಪತ್ತೆ ಹಚ್ಚಲೇಬೇಕು. ಆದರೆ ನಮ್ಮ ಪರೀಕ್ಷೆಗಳು ಏನನ್ನು ಹಿಡಿಯುತ್ತವೆ, ಏನನ್ನು ಹಿಡಿಯಲಾರವು ಎಂಬ ಎಚ್ಚರ ನಮ್ಮಲ್ಲೇ ಕಡಿಮೆಯಾಗಿದೆ.

ಪರೀಕ್ಷೆಗಳು ಜಾಣತನದವು ಎಂಬುದರಲ್ಲಿ ಎರಡು ಮಾತಿಲ್ಲ. ಸ್ಟೆಂಗರ್ ಪರೀಕ್ಷೆಯನ್ನೇ ನೋಡಿ. ನೂರು ವರ್ಷಕ್ಕೂ ಹಳೆಯದು, ಮೊದಲೆಲ್ಲ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಹಿಡಿದು ಮಾಡುತ್ತಿದ್ದರು. ಒಂದೇ ಸ್ವರವನ್ನು ಎರಡೂ ಕಿವಿಗೆ ಒಟ್ಟಿಗೆ ಕೊಟ್ಟರೆ, ಜೋರಾಗಿ ಕೇಳಿಸುವ ಕಿವಿಯಲ್ಲಿ ಮಾತ್ರ ಸ್ವರವಿದೆ ಎಂದು ನಮಗೆ ಅನಿಸುತ್ತದೆ. ಒಬ್ಬರ ಬಲಗಿವಿ 10 ಡೆಸಿಬಲ್‌ನಷ್ಟು ಮೆಲ್ಲನೆಯ ಸ್ವರಕ್ಕೇ ಸ್ಪಂದಿಸುತ್ತದೆ, ಎಡಗಿವಿಗೆ 70 ಆಗದೆ ಕೇಳಿಸುವುದಿಲ್ಲ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಬಲಕ್ಕೆ 20, ಎಡಕ್ಕೆ 60 ಡೆಸಿಬಲ್ ಸ್ವರವನ್ನು ಒಟ್ಟಿಗೆ ಬಿಡುತ್ತೇವೆ. ಎಡಗಿವಿ ನಿಜಕ್ಕೂ ಮಂದವಾಗಿದ್ದರೆ ಬಲಗಿವಿಯ ಸ್ವರ ಕೇಳಿ ಗುಂಡಿ ಒತ್ತುತ್ತಾರೆ. ಎಡಗಿವಿ ಚೆನ್ನಾಗಿದ್ದರೆ ಅಲ್ಲಿನ ಜೋರು ಸ್ವರದೆದುರು ಬಲಗಿವಿಯದು ಗೊತ್ತೇ ಆಗುವುದಿಲ್ಲ. ‘ಕೇಳದ ಕಿವಿ’ಯಲ್ಲಿ ಕೇಳಿಸಿತು ಎನ್ನಲಾಗದೆ ಸುಮ್ಮನೆ ಕೂರುತ್ತಾರೆ.

ಇಂತಹ ಸುಳಿವುಗಳು ಇನ್ನೂ ಇವೆ. ಸ್ವರಗಳು ಕೇಳಿಸತೊಡಗುವ ಸರಾಸರಿ ಮಟ್ಟಕ್ಕೂ ಮಾತು ತಿಳಿಯತೊಡಗುವ ಮಟ್ಟಕ್ಕೂ 10 ಡೆಸಿಬಲ್‌ಗಿಂತ ಹೆಚ್ಚು ಅಂತರ ಇರಬಾರದು. ನಿಜವಾಗಿ ಕೇಳದವರು ಸ್ವರವಿಲ್ಲದಾಗಲೂ ಆಗಾಗ ಗುಂಡಿ ಒತ್ತಿಬಿಡುತ್ತಾರೆ. ನಟಿಸುವವರು ಆ ತಪ್ಪು ಮಾಡುವುದು ಅಪರೂಪ.

ಸರಿ, ಹೊಂದಾಣಿಕೆ ಇಲ್ಲ ಎಂದಾಯಿತು. ಕೊಟ್ಟ ಉತ್ತರ ಕಿವಿಯ ನಿಜವಾದ ಶಕ್ತಿಗೆ ತಾಳೆಯಾಗುತ್ತಿಲ್ಲ ಎಂಬಷ್ಟೇ ನಮಗೆ ತಿಳಿದದ್ದು. ಏಕೆ ಎಂಬುದನ್ನು ಯಾವ ಯಂತ್ರವೂ ಹೇಳುವುದಿಲ್ಲ. ಸೂಚನೆ ಅರ್ಥವಾಗಿರದಿರಬಹುದು, ದಣಿದಿರಬಹುದು, ಮನಸ್ಸಿನ ಯಾವುದೋ ಭಾರ ಅವರಿಗೇ ತಿಳಿಯದಂತೆ ಕಿವಿಯ ಮೇಲೆ ಬಿದ್ದಿರಬಹುದು.

ಮಕ್ಕಳ ವಿಷಯದಲ್ಲಂತೂ ಇದು ನನ್ನನ್ನು ಬಹಳ ಕಾಡುತ್ತದೆ. ಹತ್ತು ಹನ್ನೆರಡು ವರ್ಷದ ಹುಡುಗಿ. ಆಡಿಯೋಗ್ರಾಂ, ಅಂದರೆ ಶ್ರವಣ ಮಟ್ಟದ ನಕ್ಷೆ, 60 ಡೆಸಿಬಲ್ ನಷ್ಟ ತೋರಿಸುತ್ತದೆ. ನಾನು ಮುಖ ತಿರುಗಿಸಿ ಮೆಲ್ಲಗೆ ‘ನಿನ್ನ ಪಕ್ಕ ಕೂರುವ ಗೆಳತಿ ಯಾರು?’ ಎಂದರೆ ತಕ್ಷಣ ಉತ್ತರ ಬರುತ್ತದೆ. ಇಂತಹ ಮಕ್ಕಳಿಗೆ ‘ಕೇಳಿಸಿದರೆ ಹೌದು, ಕೇಳಿಸದಿದ್ದರೆ ಇಲ್ಲ ಎನ್ನು’ ಎಂದು ಹೇಳಿ ಸಣ್ಣ ಸ್ವರ ಕೊಡುವ ಪರೀಕ್ಷೆಯೊಂದಿದೆ. ಸ್ವರ ಬಂದ ಕ್ಷಣಕ್ಕೇ ಮಗು ‘ಇಲ್ಲ’ ಎನ್ನುತ್ತದೆ. ಅದನ್ನು ಕಂಡು ಪೋಷಕರ ಮುಂದೆ ನಗುವವರನ್ನು ನೋಡಿದ್ದೇನೆ. ಆ ನಗು ಕ್ರೌರ್ಯ. ‘ಹೆಡ್‌ಫೋನ್ ಸರಿಯಾಗಿ ಕೂತಿರಲಿಲ್ಲವೇನೋ ಪುಟ್ಟಿ, ಇನ್ನೊಮ್ಮೆ ನೋಡೋಣ’ ಎಂದರೆ ಸಾಕು, ಎಷ್ಟೋ ಬಾರಿ ನಷ್ಟದ ಮಟ್ಟ ತಾನಾಗಿ ಇಳಿಯುತ್ತದೆ, ಮಗುವಿನ ಮಾನವೂ ಉಳಿಯುತ್ತದೆ. ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳುವುದು ಆಮೇಲಿನ ಮುಖ್ಯ ಕೆಲಸ.

ಯಂತ್ರವನ್ನು ಕಣ್ಣುಮುಚ್ಚಿ ನಂಬುವುದೂ ಅಪಾಯವೇ. ಒಳಗಿವಿಯೇ ಹೊರಸೂಸುವ ಸಣ್ಣ ಧ್ವನಿಯನ್ನು ಬ್ರಿಟಿಷ್ ವಿಜ್ಞಾನಿ ಡೇವಿಡ್ ಕೆಂಪ್ 1978ರಲ್ಲಿ ವರದಿ ಮಾಡಿದರು. ಆ ಧ್ವನಿಯನ್ನು ಅಳೆಯುವ, ರೋಗಿಯ ಉತ್ತರವೇ ಬೇಕಿಲ್ಲದ ಪರೀಕ್ಷೆ ನಮಗೆ ದೊಡ್ಡ ವರದಾನ. ಆದರೆ ಅದು ಒಳಗಿವಿಯ ಹೊರಸಾಲಿನ ರೋಮಕೋಶಗಳು ಕೆಲಸ ಮಾಡುತ್ತಿವೆ ಎಂದಷ್ಟೇ ಹೇಳುತ್ತದೆ. ಆಡಿಟರಿ ನ್ಯೂರೋಪತಿ ಇರುವವರಲ್ಲಿ ಈ ಧ್ವನಿ ಸೊಗಸಾಗಿ ಬರುತ್ತದೆ. ಮೆದುಳಿಗೆ ಹೋಗುವ ಸಂಕೇತ ಮಾತ್ರ ಅಸ್ತವ್ಯಸ್ತ. ಸ್ವರ ಕೇಳಿದರೂ ಮಾತು ಅರ್ಥವಾಗುವುದಿಲ್ಲ. ಈ ಸ್ಥಿತಿಗೆ ಹೆಸರು ಸಿಕ್ಕಿದ್ದೇ 1996ರಲ್ಲಿ. ಇಂಥವರಿಗೆ ‘ನಟನೆ’ಯ ಪಟ್ಟ ಕಟ್ಟುವ ಮೊದಲು ಶ್ರವಣ ನರ ಮತ್ತು ಮೆದುಳುಕಾಂಡದ ಸ್ಪಂದನ ಅಳೆಯುವ ಎಬಿಆರ್ ಪರೀಕ್ಷೆ ಆಗಲೇಬೇಕು.

ಇನ್ನೊಂದು ಗುಂಪು ಇದೆ: ನಿಜಕ್ಕೂ 40 ಡೆಸಿಬಲ್ ನಷ್ಟವಿದ್ದು, ಯಾರೂ ನಂಬುವುದಿಲ್ಲವೆಂಬ ಭಯಕ್ಕೆ 80 ತೋರಿಸುವವರು. ಹೆಚ್ಚುವರಿ 40 ಸುಳ್ಳೆಂದು ಸಾಬೀತುಪಡಿಸಿ ಕಡತ ಮುಚ್ಚುವವರೇ, ಉಳಿದ 40ಕ್ಕೆ ಅವರಿಗೆ ಶ್ರವಣ ಸಾಧನ ಕೊಡಬೇಕಾದವರು ಯಾರು?