ಸೀಟ್ ಬೆಲ್ಟ್ ಹಾಕಿಕೊಂಡು ಟ್ರೆಕ್ಕಿಂಗ್

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ರಸ್ತೆಗೆ ಬಂದು ನೋಡಿ. ಆರೋಗ್ಯಕ್ಕಾಗಿ ಹೊರಟ ಕಾರುಗಳೆಲ್ಲ ಸಾಲಾಗಿ ನಿಂತಿರುತ್ತವೆ. ಒಳಗೆ ಕೂತವರ ಮೈಮೇಲೆ ಟ್ರ್ಯಾಕ್ ಪ್ಯಾಂಟು, ಕಾಲಿಗೆ ಬೆಟ್ಟ ಹತ್ತುವ ಶೂ, ಕೈಯಲ್ಲಿ ಹೆಜ್ಜೆ ಎಣಿಸುವ ವಾಚು. ವಾಚು ಪಾಪ, ಸೊನ್ನೆ ತೋರಿಸಿ ತೋರಿಸಿ ಸುಸ್ತಾಗಿರುತ್ತದೆ.

ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರ್. ಅದರಲ್ಲಿ 900 ಮೀಟರನ್ನು ನಮ್ಮ ಚಿಕ್ಕಬಳ್ಳಾಪುರದ ನೆಲವೇ ಪುಕ್ಕಟೆ ಹತ್ತಿಸಿಕೊಟ್ಟಿದೆ. ಉಳಿದದ್ದಕ್ಕೆ ಸುಲ್ತಾನಪೇಟೆ ಕಡೆಯಿಂದ ಸಾವಿರಕ್ಕೂ ಜಾಸ್ತಿ ಕಲ್ಲಿನ ಮೆಟ್ಟಿಲಿವೆ. ಅಲ್ಲಿ ಟ್ರಾಫಿಕ್ ಜಾಮ್ ಆಗಿದ್ದನ್ನು ಯಾರೂ ಕಂಡಿಲ್ಲ. ಯಾರಾದರೂ ಬೆವರು ಸುರಿಸುತ್ತಾ ಹತ್ತಿ ಬಂದರೆ, ಮೇಲಿದ್ದವರು ಕನಿಕರದಿಂದ ಕೇಳುತ್ತಾರೆ: "ಯಾಕ್ ಸಾರ್, ಕಾರ್ ಕೆಟ್ಟೋಯ್ತಾ?"

ಸ್ನಾಯು ಇರುವುದು ಮೂಟೆ ಹೊರೋಕೆ ಮಾತ್ರ ಎಂದು ನಾವು ನಂಬಿಕೊಂಡಿದ್ದೆವು. 2000ದಲ್ಲಿ ಕೋಪನ್‌ಹೇಗನ್ನಿನ ವಿಜ್ಞಾನಿ ಬೆಂಟೆ ಪೆಡರ್ಸನ್ ಅವರ ತಂಡ ಬೇರೆಯದನ್ನೇ ತೋರಿಸಿತು. ದುಡಿಯುವ ಕಾಲಿನ ಸ್ನಾಯು ಇಂಟರ್‌ಲ್ಯೂಕಿನ್-6 ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಸ್ನಾಯು ಬಿಡುವ ಇಂಥ ವಸ್ತುಗಳಿಗೆ ಈಗ ಮಯೋಕೈನ್ ಎಂದು ಹೆಸರು. ಮ್ಯಾರಥಾನ್ ಓಡಿದವರಲ್ಲಿ ಇದು 100 ಪಟ್ಟಿನವರೆಗೂ ಏರಬಹುದು. ಏರಿದ್ದು ಲಿವರ್‌ನಿಂದ ಸಕ್ಕರೆ ಹೊರಡಿಸುತ್ತದೆ, ಕೊಬ್ಬು ಕರಗಿಸುತ್ತದೆ, ಉರಿಯೂತ ತಗ್ಗಿಸುವ ವಸ್ತುಗಳನ್ನು ಎಬ್ಬಿಸುತ್ತದೆ. ಆಮೇಲೆ ತಾನೂ ಇಳಿದುಬಿಡುತ್ತದೆ.

ತಮಾಷೆ ಏನಪ್ಪಾ ಅಂದರೆ, ಹೊಟ್ಟೆಯ ಕೊಬ್ಬೂ ಇದೇ ಇಂಟರ್‌ಲ್ಯೂಕಿನ್-6 ಬಿಡುತ್ತದೆ. ಆದರೆ ಅದು ಸಣ್ಣಗೆ, ದಿನವಿಡೀ ಜಿನುಗುತ್ತದೆ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇರುವಲ್ಲಿ ಕಾಣುವ ಮಂದ ಉರಿಯೂತದ ಜೊತೆಗಾರ ಅದು. ಕೆಲಸ ಮುಗಿಸಿ ಹೊರಡುವ ನೆಂಟನೂ ತಳವೂರಿದ ನೆಂಟನೂ ಒಂದೇ ಅಲ್ಲವಲ್ಲ!

ಕಾರಿನ ಸಾಲಿನಲ್ಲಿ ಯಾವ ಸ್ನಾಯು ದುಡಿಯುತ್ತಿದೆ ಅಂತ ಹುಡುಕಿದೆ. ಹಿಂದೆ ಕ್ಲಚ್ ತುಳಿಯುವ ಎಡಗಾಲಿಗಾದರೂ ಒಂದಿಷ್ಟು ಕೆಲಸ ಇತ್ತು. ಆಟೋಮ್ಯಾಟಿಕ್ ಗೇರು ಬಂದು ಅದೂ ಹೋಯಿತು. ಉಳಿದಿರುವುದು ರೀಲ್ಸ್ ತಳ್ಳುವ ಹೆಬ್ಬೆರಳು, ಹಾರ್ನ್ ಒತ್ತುವ ಅಂಗೈ. ಮೈತೂಕದ ಸುಮಾರು ಶೇ 40ರಷ್ಟು ಸ್ನಾಯುವೇ ಇರುತ್ತದೆ. ಅಷ್ಟನ್ನೂ ಡೀಸೆಲ್ ಸುಟ್ಟು ಮೇಲಕ್ಕೆ ಸಾಗಿಸುತ್ತಿದ್ದೇವೆ.

ಇಡೀ ಸಾಲಿನಲ್ಲಿ ನಿಜಕ್ಕೂ ಮಯೋಕೈನ್ ತಯಾರಿಸುತ್ತಿದ್ದವರು ಒಬ್ಬರೇ, ಸೌತೆಕಾಯಿ ಮಾರುವ ಅಕ್ಕ. ತಲೆ ಮೇಲೆ ಬುಟ್ಟಿ, ಏರುರಸ್ತೆ, ಕಾರಿಂದ ಕಾರಿಗೆ ಓಡಾಟ. ಗಾಜು ನಾಲ್ಕು ಬೆರಳು ಇಳಿಸಿ ಒಬ್ಬರು ಕೂಗಿದರು: "ಅಕ್ಕಾ, ಇಲ್ಲೇ ತಗೊಂಡ್ ಬನ್ನಿ, ಇಳಿಯೋಕೆ ಆಗಲ್ಲ. ಉಪ್ಪು ಕಮ್ಮಿ ಹಾಕಿ, ಬಿಪಿ ಇದೆ." ಅಕ್ಕ ಬುಟ್ಟಿ ಸಮೇತ ಹತ್ತಿ ಹೋದರು.

ಮೇಲೆ ಬೋಂಡಾ ಅಂಗಡಿ ಮುಂದೆ ಐರಿಸಿನ್ ಬಗ್ಗೆ ಮಾತು ನಡೆದಿತ್ತು. ಅದೂ ವ್ಯಾಯಾಮದ ಹಾರ್ಮೋನೇ. 2012ರಲ್ಲಿ ಹಾರ್ವರ್ಡ್‌ನ ಬ್ರೂಸ್ ಸ್ಪೀಗಲ್‌ಮನ್ ತಂಡ ಅದನ್ನು ಜಗತ್ತಿಗೆ ಪರಿಚಯಿಸಿ, ಸುದ್ದಿ ಒಯ್ಯುವ ಗ್ರೀಕ್ ದೇವತೆ ಐರಿಸ್ ಹೆಸರಿಟ್ಟಿತು. ಮನುಷ್ಯರಲ್ಲಿ ಅದು ಎಷ್ಟು ಕೆಲಸ ಮಾಡುತ್ತದೆ ಅಂತ ವಿಜ್ಞಾನಿಗಳು ಆಮೇಲೆ ಚೆನ್ನಾಗಿ ಜಗಳವಾಡಿದರು. ಬೋಂಡಾ ಮುಂದೆ ಮಾತ್ರ ಯಾವ ಜಗಳವೂ ಇರಲಿಲ್ಲ. "ಮಾತ್ರೆ ಬಂದಿದ್ಯಂತಾ?" ಒಬ್ಬರು ಕೇಳಿದರು. "ಬಂದ್ರೆ ಊಟಕ್ಕೆ ಮುಂಚೆನಾ, ಆಮೇಲಾ?" ಇನ್ನೊಬ್ಬರ ಚಿಂತೆ.

ಈಗ ಬೆಟ್ಟಕ್ಕೆ ರೋಪ್‌ವೇ ಬರುತ್ತದಂತೆ. ಸುದ್ದಿ ಕೇಳಿ ಎಲ್ಲರಿಗೂ ಖುಷಿಯೋ ಖುಷಿ. ಆದರೂ ಒಂದು ಸಣ್ಣ ಅನುಮಾನ ಉಳಿದಿದೆ: ಅದರಲ್ಲಿ ಸೀಟು ಇರುತ್ತಾ, ಇಲ್ಲ ನಿಂತ್ಕೊಂಡೇ ಹೋಗಬೇಕಾ?