ಬಾಗಿಲ ಮೇಲಿನ ಗೀರಿಗೆ ವಿಮೆ ಎಲ್ಲಿದೆ?

ಇಂದು ಬೆಳಿಗ್ಗೆ ಕುಮಟಾದ ಗ್ಯಾರೇಜೊಂದರಲ್ಲಿ ಕಂಡದ್ದನ್ನು ಬರೆಯದೆ ಇರಲಾಗುತ್ತಿಲ್ಲ. ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ತಮ್ಮ ಸಣ್ಣ ಕಾರನ್ನು ತಂದಿದ್ದರು. ದೇವಿಮನೆ ಘಟ್ಟದಲ್ಲಿ ಎದುರಿನ ಲಾರಿಗೆ ದಾರಿ ಬಿಡಲು ಹೋಗಿ, ಎಡಗಡೆಯ ಹಿಂಬಾಗಿಲು ರಸ್ತೆಯಂಚಿನ ಕಟ್ಟೆಗೆ ಉಜ್ಜಿತ್ತು. ಗೀರಿನ ನಡುಭಾಗದಲ್ಲಿ ಬಣ್ಣವೂ ಅದರಡಿಯ ಬೂದು ಪ್ರೈಮರೂ ಎದ್ದುಹೋಗಿ ಬರಿಯ ತಗಡು ಕಾಣುತ್ತಿತ್ತು. ಅಂಚಿನಲ್ಲಿ ಕಿತ್ತಳೆ ಬಣ್ಣದ ಪುಡಿ ಆಗಲೇ ಕೂತಿತ್ತು, ಬೆರಳಿಟ್ಟರೆ ಅಂಟುವಷ್ಟು. ವಿಮೆಯಿಂದ ಮಾಡಿಸಬಹುದಲ್ಲವೇ ಎಂದು ಅವರು ಕೇಳಿದರು. ಪೇಂಟಿಂಗ್ ಮಾಡುವವರು ಕೈಯೊರೆಸಿಕೊಳ್ಳುತ್ತ, “ಅಕ್ಕೋರೆ, ಇದಕ್ಕೆ ಕ್ಲೇಮ್ ಹಾಕ್ಬೇಡಿ, ನಿಮಗೇ ಲಾಸ್ ಆಗ್ತದೆ” ಎಂದರು. ಅವರು ಹೇಳಿದ್ದು ನಿಜ. ಅದು ನಿಜವಾಗಿರುವುದಕ್ಕೇ ನನಗೆ ಸಿಟ್ಟು ಬಂದದ್ದು.

ಲೆಕ್ಕದ ಪುಸ್ತಕದಲ್ಲೇ ತಲೆ ನೆರೆಸಿಕೊಂಡವನು ನಾನೆಂದು ನಿಮಗೆಲ್ಲ ತಿಳಿದೇ ಇದೆ. ಅಲ್ಲೇ ನಿಂತು ಲೆಕ್ಕ ಹಾಕಿದೆ. ಬಾಗಿಲಿನ ಪೇಂಟಿಂಗ್‌ಗೆ 5,000, ಡೆಂಟಿಂಗ್ ಕೂಲಿಗೆ 1,000, ಒಟ್ಟು 6,000 ರೂಪಾಯಿ ಎಂದಿದ್ದರು. ವಿಮೆಯ ರೂಢಿಯ ನಿಯಮದಂತೆ ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಸಾಮಗ್ರಿಯೆಂದು ಹಿಡಿದು, ಅದರಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ. ಅಲ್ಲಿಗೆ 625 ಹೋಯಿತು. 1500 ಸಿಸಿಯವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ 1,000 ರೂಪಾಯಿ ಮಾಲೀಕರೇ ಕಡ್ಡಾಯವಾಗಿ ಹೊರಬೇಕು. ಉಳಿದು ಬರುವುದು 4,375. ಇನ್ನು ಕಳೆದುಕೊಳ್ಳುವುದನ್ನು ನೋಡಿ. ಮೂರು ವರ್ಷ ಕ್ಲೇಮ್ ಮಾಡದ್ದಕ್ಕೆ ಅವರಿಗೆ 35% ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ, ಸಿಕ್ಕಿದೆ, ಈ ವರ್ಷವೂ ಸುಮ್ಮನಿದ್ದರೆ ನವೀಕರಣದಲ್ಲಿ 45% ಆಗುತ್ತದೆ. ಒಂದೇ ಒಂದು ಕ್ಲೇಮ್ ಹಾಕಿದರೆ ಅದು ಸೊನ್ನೆಗೆ ಇಳಿಯುತ್ತದೆ. ಸ್ವಂತ ವಾಹನದ ಹಾನಿಯ ಪ್ರೀಮಿಯಂ 9,000 ಎಂದಿಟ್ಟುಕೊಂಡರೆ ಮೊದಲ ವರ್ಷವೇ 4,050 ರೂಪಾಯಿ ರಿಯಾಯಿತಿ ಕೈತಪ್ಪುತ್ತದೆ. ಅದರ ಮೇಲಿನ 18% ಜಿಎಸ್‌ಟಿ ಸೇರಿಸಿದರೆ 4,779. ಅಂದರೆ ಬಂದ ಹಣ ಒಂದೇ ವರ್ಷದಲ್ಲಿ ಹೋಗಿ, ಮೇಲೆ ನಾನೂರು ರೂಪಾಯಿ ಕೈಯಿಂದ ಹಾಕಬೇಕು. ಮರುವರ್ಷ 50% ಇರಬೇಕಾದಲ್ಲಿ 20% ಮಾತ್ರ ಇರುತ್ತದೆ. ಆ ನಷ್ಟವನ್ನು ನಾನು ಇನ್ನೂ ಎಣಿಸಿಲ್ಲ.

ಆ ಶಿಕ್ಷಕಿ ಪ್ರತಿವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದವರು. ಪಾಲಿಸಿ ಮಾರುವಾಗ “ಬಂಪರ್ ಟು ಬಂಪರ್, ಎಲ್ಲ ಕವರ್ ಆಗುತ್ತದೆ” ಎಂದು ಹೇಳಿಸಿಕೊಂಡು ಝೀರೋ ಡೆಪ್ ಎಂಬ ಸೇರ್ಪಡೆಗೂ (ಆಡ್-ಆನ್) ಹೆಚ್ಚಿನ ಹಣ ಕೊಡುವವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಝೀರೋ ಡೆಪ್ ಸವಕಳಿಯನ್ನು ಮಾತ್ರ ಕೈಬಿಡುತ್ತದೆ. ಆ ಕಡ್ಡಾಯದ ಸಾವಿರವನ್ನೂ ಅದು ಕೊಡುವುದಿಲ್ಲ, ಹೋಗುವ ಬೋನಸ್ಸನ್ನೂ ಉಳಿಸುವುದಿಲ್ಲ. ಬೋನಸ್ ಉಳಿಸಿಕೊಳ್ಳಬೇಕೆಂದರೆ ಅದಕ್ಕೆ ಬೇರೆಯದೇ ಆಡ್-ಆನ್, ಬೇರೆಯದೇ ಹಣ.

ಬೇರೆ ಊರಿನವರಿಗೆ ಇದು ಅಂದಚೆಂದದ ಪ್ರಶ್ನೆಯಾಗಿ ಕಾಣಬಹುದು. ಕಾರವಾರದಿಂದ ಭಟ್ಕಳದವರೆಗೆ ಕಡಲ ಪಕ್ಕದಲ್ಲಿ ಬದುಕುವವರಿಗೆ ಗೀರೆಂದರೆ ತುಕ್ಕಿಗೆ ತೆರೆದ ಬಾಗಿಲು. ಕಾರಿನ ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದು ಹರಿದು ತಗಡು ಬಯಲಾದರೆ, ಉಪ್ಪು ಬೆರೆತ ತೇವದ ಗಾಳಿಯಲ್ಲಿ ಕಬ್ಬಿಣ ಒಳನಾಡಿಗಿಂತ ಎಷ್ಟೋ ಬೇಗ ತುಕ್ಕು ಹಿಡಿಯುತ್ತದೆ, ಏಕೆಂದರೆ ಉಪ್ಪಿನಲ್ಲಿರುವ ಕ್ಲೋರೈಡ್ ಆ ಕ್ರಿಯೆಗೆ ವೇಗ ಕೊಡುತ್ತದೆ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋದವರಿಗೆ ಗೊತ್ತು, ಐಸು ಕರಗಿದ ಉಪ್ಪುನೀರು ಗಾಜಿಗೂ ಬಾನೆಟ್ಟಿಗೂ ಹೇಗೆ ಸಿಡಿಯುತ್ತದೆ ಎಂದು. ಜೂನ್‌ನಲ್ಲಿ ಬಿದ್ದ ಗೀರನ್ನು ಸೆಪ್ಟೆಂಬರ್‌ವರೆಗೆ ಬಿಟ್ಟರೆ ಸುತ್ತಲಿನ ಬಣ್ಣ ಗುಳ್ಳೆಯೆದ್ದು, ಬಾಗಿಲಿನ ಕೆಳಗಿನ ಮಡಿಕೆಯವರೆಗೂ ತುಕ್ಕು ಇಳಿದಿರುತ್ತದೆ. ಪ್ಲಾಸ್ಟಿಕ್ ಬಂಪರಿನ ಗೀರಿಗೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ಎಷ್ಟು ವರ್ಷವಾದರೂ ಹಾಗೇ ಇರುತ್ತದೆ. ತಗಡಿನ ಮಾತು ಬೇರೆ.

ನನಗೆ ಸಹಿಸಲಾಗದ ಭಾಗ ಇಲ್ಲಿದೆ. ಕ್ಲೇಮ್ ಹಾಕಿದರೆ ನಷ್ಟವೆಂದು ಗೀರನ್ನು ಬಿಟ್ಟವರು, ತುಕ್ಕು ಬಾಗಿಲನ್ನು ತಿಂದ ಮೇಲೆ ವಿಮೆಯವರ ಬಳಿ ಹೋದರೆ ಸಿಗುವ ಉತ್ತರ “ಇದು ಸವೆತ, ಪಾಲಿಸಿಯಲ್ಲಿ ಬರುವುದಿಲ್ಲ” ಎಂದು. ಪಾಲಿಸಿಯ ಹೊರಗಿಡುವ ಷರತ್ತುಗಳಲ್ಲಿ ಸವೆತ, ಸವಕಳಿ, ನಂತರದ ಪರಿಣಾಮದ ನಷ್ಟ ಎಲ್ಲವೂ ಸಾಲಾಗಿ ಇವೆ. ಗೀರು ಸಣ್ಣದಿದ್ದಾಗ ಕೇಳಬಾರದು, ದೊಡ್ಡದಾದಾಗ ಕೇಳುವಂತಿಲ್ಲ. ಹಾಗಾದರೆ ನಾವು ಕೇಳುವುದು ಯಾವಾಗ?

ಒಂದೊಂದು ಗೀರು ಒಂದೊಂದು ಘಟನೆ ಎಂಬ ನಿಯಮವೂ ಇದೆ. ಬಸ್ ನಿಲ್ದಾಣದ ಬಳಿ ಬೈಕ್ ಉಜ್ಜಿದ್ದು, ಗೋಕರ್ಣದ ಇಕ್ಕಟ್ಟಾದ ಬೀದಿಯಲ್ಲಿ ಗೋಡೆ ತಾಗಿದ್ದು, ಮನೆಯ ಗೇಟು ಕೆರೆದದ್ದು, ಎಲ್ಲವನ್ನೂ ಕೂಡಿಸಿ ಒಂದೇ ಕ್ಲೇಮಿನಲ್ಲಿ ಕೇಳುವಂತಿಲ್ಲ. ಪ್ರತಿಯೊಂದಕ್ಕೂ ಬೇರೆ ಅರ್ಜಿ, ಪ್ರತಿಯೊಂದಕ್ಕೂ ಆ ಸಾವಿರದ ಕಡಿತ. ಅದಕ್ಕಾಗಿ ಎಲ್ಲ ಗೀರುಗಳನ್ನೂ ಸೇರಿಸಿ ಒಂದೇ ಅಪಘಾತದ ಕಥೆ ಕಟ್ಟುವವರಿದ್ದಾರೆ, ಕಟ್ಟಿಸಿಕೊಡುವವರೂ ಇದ್ದಾರೆ. ಇದ್ದದ್ದನ್ನು ಇದ್ದಂತೆ ಬರೆಯುವವರಿಗೆ ನಷ್ಟ, ಸುಳ್ಳು ಬರೆದವರಿಗೆ ಹೊಸ ಬಣ್ಣ. ಆ ಶಿಕ್ಷಕಿಗೂ ಒಬ್ಬರು ಇದೇ ಉಪಾಯ ಹೇಳಿದರು. ಅವರು ಬೇಡವೆಂದರು. ಹಾಗೆನ್ನುವವರಿಗೆ ನಮ್ಮ ವ್ಯವಸ್ಥೆ ದಂಡ ಹಾಕುತ್ತಿದೆ ಎನ್ನುವುದು ನನ್ನನ್ನು ತುಂಬ ನೋಯಿಸುತ್ತದೆ.

ವಿಮೆ ಇರುವುದು ದೊಡ್ಡ ನಷ್ಟಕ್ಕೆ, ಪ್ರತಿ ಗೀರಿಗೂ ಹಣ ಕೊಡುತ್ತ ಹೋದರೆ ಎಲ್ಲರ ಪ್ರೀಮಿಯಂ ಏರುತ್ತದೆ ಎಂದು ವಿಮೆಯಲ್ಲಿ ದುಡಿಯುವ ಗೆಳೆಯರು ಹೇಳುತ್ತಾರೆ. ಸಾವಿರದ ಕಡಿತವನ್ನು ನಾನು ಒಪ್ಪುತ್ತೇನೆ. ಆದರೆ ನಾಲ್ಕು ಸಾವಿರದ ಬಾಗಿಲಿಗೂ ನಾಲ್ಕು ಲಕ್ಷದ ಅಪಘಾತಕ್ಕೂ ಬೋನಸ್ಸನ್ನು ಒಂದೇ ರೀತಿ ಸೊನ್ನೆ ಮಾಡುವುದಕ್ಕೆ ಈ ವಾದದಲ್ಲಿ ಉತ್ತರವಿಲ್ಲ. ಬ್ರಿಟನ್ನಿನಲ್ಲಿ ಸಣ್ಣ ಗೀರು ಮತ್ತು ತಗ್ಗುಗಳಿಗೆಂದೇ ಬೇರೆ ಪಾಲಿಸಿ ಮಾರುತ್ತಾರೆ. ಎಷ್ಟು ದೊಡ್ಡ ಗೀರಿನವರೆಗೆ ಎಂದು ಮೊದಲೇ ಮಿತಿ ಹೇಳಿರುತ್ತಾರೆ, ಅದರಲ್ಲಿ ಕ್ಲೇಮ್ ಮಾಡಿದರೆ ಮುಖ್ಯ ಪಾಲಿಸಿಯ ರಿಯಾಯಿತಿಗೆ ಧಕ್ಕೆ ಬರುವುದಿಲ್ಲ. ಅಲ್ಲಿಯೂ ಅದು ಉಚಿತವಲ್ಲ, ಹಳೆಯ ತುಕ್ಕಿಗೆ ಅಲ್ಲಿಯೂ ಜಾಗವಿಲ್ಲ. ಆದರೆ ಕೊಳ್ಳುವವರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆಂದು ತಿಳಿದಿರುತ್ತದೆ.

ನಮ್ಮಲ್ಲಿ 2002ರ ಮೋಟಾರು ವಿಮೆಯ ದರಪಟ್ಟಿ ಬೆಂಗಳೂರಿನಂತಹ ಎಂಟು ಮಹಾನಗರಗಳನ್ನು ಖಾಸಗಿ ಕಾರಿಗೆ ಒಂದು ವಲಯವೆಂದೂ ಉಳಿದ ಇಡೀ ದೇಶವನ್ನು ಇನ್ನೊಂದು ವಲಯವೆಂದೂ ಹಿಡಿಯಿತು. ಆ ಲೆಕ್ಕದಲ್ಲಿ ಕಾರವಾರವೂ ಬೀದರವೂ ಒಂದೇ. 2007ರಿಂದ ದರ ನಿಗದಿಯಲ್ಲಿ ಕಂಪನಿಗಳಿಗೆ ಸ್ವಾತಂತ್ರ್ಯ ಸಿಕ್ಕಿತು, ಆದರೂ ಸಮುದ್ರದ ಪಕ್ಕದ ವಾಹನಕ್ಕೆ ಬೇಕಾದದ್ದು ಬೇರೆ ಎಂದು ಯೋಚಿಸಿದ ಪಾಲಿಸಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಮೀನು ಸಾಗಿಸುವ ಪಿಕಪ್ ಇಟ್ಟುಕೊಂಡವರ ಪಾಡು ಇನ್ನೂ ಕಷ್ಟದ್ದು: ಸರಕು ವಾಹನದ ಪಾಲಿಸಿಯಲ್ಲಿ ಐಎಂಟಿ 23 ಎಂಬ ಸೇರ್ಪಡೆಗೆ ಬೇರೆ ಹಣ ಕಟ್ಟದಿದ್ದರೆ, ಪೂರ್ತಿ ನಷ್ಟದ ಸಂದರ್ಭ ಬಿಟ್ಟು, ಬಂಪರು, ಮಡ್‌ಗಾರ್ಡು, ದೀಪ, ಹಾನಿಯಾದ ಭಾಗದ ಬಣ್ಣ ಯಾವುದೂ ಸೇರುವುದಿಲ್ಲ. ಉಪ್ಪುನೀರು ಹೆಚ್ಚು ಬೀಳುವ ವಾಹನಕ್ಕೇ ಬಣ್ಣದ ರಕ್ಷಣೆ ಇಲ್ಲ.

ನಾನು ಕೇಳುವುದು ಎರಡೇ. ತಗಡು ಕಾಣುವಷ್ಟು ಆಳದ ಗೀರಿಗೆ, ವರ್ಷಕ್ಕೆ ಒಮ್ಮೆಯಾದರೂ, ಬೋನಸ್ ಮುಟ್ಟದೆ ದುರಸ್ತಿ ಮಾಡಿಸಿಕೊಡಲಿ; ಅದಕ್ಕೆ ನ್ಯಾಯವಾದ ಹೆಚ್ಚುವರಿ ಪ್ರೀಮಿಯಂ ಕೇಳಿದರೆ ಕೊಡುತ್ತೇವೆ. ಮತ್ತು ಪಾಲಿಸಿ ಮಾರುವಾಗಲೇ, ಐದಾರು ಸಾವಿರದ ಹಾನಿಗೆ ಕೈಗೆ ಬರುವುದೆಷ್ಟು, ಮುಂದಿನ ವರ್ಷ ಕಳೆಯುವುದೆಷ್ಟು ಎಂದು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಡಲಿ. ಇದನ್ನು ವಿಮಾ ಕಂಪನಿಗಳ ನಿಯಂತ್ರಕರಾದ ಐಆರ್‌ಡಿಎಐಗೆ ಬರೆಯಲು ಕೂತಿದ್ದೇನೆ. ತುಕ್ಕಿನ ಕಾರಣ ಕೊಟ್ಟು ಕ್ಲೇಮ್ ತಿರಸ್ಕರಿಸಿದ ಪತ್ರ ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ, ಹೆಸರು ಮತ್ತು ಪಾಲಿಸಿ ಸಂಖ್ಯೆಯನ್ನು ಮುಚ್ಚಿ, ಫೋಟೋ ತೆಗೆದು ಇನ್‌ಬಾಕ್ಸಿಗೆ ಕಳುಹಿಸಿ. ಪತ್ರದ ಜೊತೆ ಲಗತ್ತಿಸುತ್ತೇನೆ.